ಮಿಲ್ಲಿನ ಮರಿಬಸಪ್ಪ ಚನ್ನಿಯನ್ನು ಮಲಗಿಸಿದ್ದು

ಸಂಜೆ ಏಳು ಗಂಟೆ ಹತ್ತು ನಿಮಿಷ. ಬಳ್ಳಾರಿಯ ಪಾರ್ವತಿನಗರದ ಒಂದು ಮಹಡಿ ಮನೆಯಲ್ಲಿ, ಮಗಳ ಜೊತೆಗಿದ್ದ ಮರಿಬಸಪ್ಪ ಎರಡು ವರ್ಷದ ಮೊಮ್ಮಗಳು ಚನ್ನಿಯನ್ನು ತೊಡೆಯ ಮೇಲೆ ಹಾಕಿಕೊಂಡು ಜೋಗುಳ ಹಾಡುತ್ತಿದ್ದರು. ಎರಡನೆಯ ಸಾಲಿಗೆ ಎದುರುಮನೆಯ ನಾಯಿ ಬೊಗಳತೊಡಗಿತು. ಮೂರನೆಯ ಸಾಲಿಗೆ ಕೆಳಮನೆಯ ತಿರುಮಲಮ್ಮ ಮೆಟ್ಟಿಲ ಬುಡಕ್ಕೆ ಓಡಿಬಂದು, "ಮರಿಬಸಪ್ಪನವರೆ, ಯಾರಿಗೇನಾತ್ರೀ?" ಎಂದು ಕೂಗಿದರು. ಚನ್ನಿ ಎರಡೂ ಕಿವಿ ಮುಚ್ಚಿಕೊಂಡು ಎದ್ದು ಕುಳಿತಳು.

ಮರಿಬಸಪ್ಪನವರ ದನಿಯೇ ಹಾಗೆ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಯಂತ್ರ ನಡೆಸಿದವರು. ಅಲ್ಲಿನ ಸದ್ದಿನಲ್ಲಿ ಕಿವಿ ಮಂದವಾಗಿ, ಗಂಟಲು ದೊಡ್ಡದಾಗಿತ್ತು. ಪಿಸುಗುಟ್ಟುವುದೆಂದರೆ ಅವರ ಮಟ್ಟಿಗೆ ಪಕ್ಕದ ಓಣಿಗೆ ಕೇಳದಂತೆ ಮಾತಾಡುವುದು.

ಅಂಥವರಿಗೆ ಈ ಕೆಲಸ ಬಂದದ್ದು ಮಗಳು ಜ್ಯೋತಿಯಿಂದ. ಆಕೆ ನರ್ಸ್. ಹೆರಿಗೆಗೆ ಮುಂಚೆ ಬಿಟ್ಟಿದ್ದ ಕೆಲಸಕ್ಕೆ ಮರಳಲು ಎರಡು ವರ್ಷ ಕಾದಿದ್ದಳು. ಈಗ ಊರಿನ ಒಂದು ನರ್ಸಿಂಗ್ ಹೋಮಿನವರು ಕರೆದಿದ್ದರು. ಆದರೆ ರಾತ್ರಿ ಪಾಳಿ, ಎಂಟೂವರೆಗೆ ಹಾಜರಿರಬೇಕು. ಗಂಡ ತಿಪ್ಪೇಶ ರಾತ್ರಿ ಬಸ್ಸಿನ ಡ್ರೈವರ್. ಚನ್ನಿಗೋ ಅಮ್ಮನ ಸೆರಗು ಕೈಯಲ್ಲಿಲ್ಲದೆ ಕಣ್ಣು ಮುಚ್ಚುವ ರೂಢಿಯೇ ಇರಲಿಲ್ಲ. ಕುರುಗೋಡಿನಿಂದ ಜ್ಯೋತಿಯ ಅತ್ತೆ ಗಿಡ್ಡಮ್ಮ ಫೋನ್ ಮಾಡಿ ಪರಿಹಾರ ಹೇಳಿದ್ದಳು.

"ಕೂಸಿನ್ನ ಇಲ್ಲಿ ತಂದು ಬಿಡ್ರಿ. ಆ ಬೀಗರು ಮಲಗಿಸಾಕ ಕುಂತ್ರ ಕೂಸು ಮಲಗಂಗಿಲ್ಲ, ಊರು ಏಳತೈತಿ."

ಜ್ಯೋತಿ ಫೋನ್ ಇಟ್ಟು ತಂದೆಗೆ ಹೇಳಿದಳು. "ಕೂಸಿನ್ನ ಕಳಿಸಿ ನಾ ಡ್ಯೂಟಿ ಮಾಡಂಗಿಲ್ಲ ಯಪ್ಪಾ. ಐತವಾರ ತನಕ ನೋಡೂಣು. ನಾ ಇಲ್ದ ಅಕಿ ಮಲಗಿದ್ಲು ಅಂದ್ರ ಸೋಮವಾರ ಹೂಂ ಅಂತೀನಿ. ಇಲ್ಲಂದ್ರ ಈ ಕೆಲಸ ಬ್ಯಾಡ."

ಹೇಳುವಾಗ ಆಕೆ ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಕೋಟನ್ನು ಮತ್ತೆ ಮಡಚಿಡುತ್ತಿದ್ದಳು. ಅದು ಮರಿಬಸಪ್ಪನವರ ಕಣ್ಣಿಗೆ ಬಿತ್ತು.

ಜೋಗುಳದ ಮರುದಿನ ನೀರು ಹಿಡಿಯುವಾಗ ತಿರುಮಲಮ್ಮ ಕೇಳಿದರು. "ನಿಮಗ ಮೂರು ಮಕ್ಕಳಲ್ಲೇನ್ರೀ? ಅದರಾಗ ಎಷ್ಟು ಮಂದೀನ ನೀವು ಮಲಗಿಸೀರಿ?"

"ಸೊನ್ನೆ!" ಎಂದರು ಮರಿಬಸಪ್ಪ. ಮೂಲೆಯ ಅಂಗಡಿಯವನೂ ತಲೆಯೆತ್ತಿ ನೋಡಿದ.

ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಸುಗ್ಗಿಯಲ್ಲಿ ಗಿರಣಿ ರಾತ್ರಿಯೂ ನಡೆಯುತ್ತಿತ್ತು. ಉಳಿದ ದಿನಗಳಲ್ಲಿ ಮಕ್ಕಳಿಗಿಂತ ಮುಂಚೆ ಅವರೇ ಗೊರಕೆ ಹೊಡೆಯುತ್ತಿದ್ದರು. ಮಕ್ಕಳನ್ನು ಮಲಗಿಸಿದ್ದೆಲ್ಲ ಹೆಂಡತಿ ಚನ್ನಬಸಮ್ಮ. ಆಕೆ ತೀರಿಕೊಂಡ ಮರುವರ್ಷ ಹುಟ್ಟಿದ ಮೊಮ್ಮಗಳಿಗೆ ಆಕೆಯ ಹೆಸರೇ ಮೊಟಕಾಗಿ ಚನ್ನಿ ಎಂದು ನಿಂತಿತ್ತು.

ಅಂದು ಸಂಜೆ ಅವರು ಹಾಡಿನ ಗೊಡವೆ ಬಿಟ್ಟರು. ಚನ್ನಿ ಟೀವಿಯ ಮುಂದೆ ಕುಣಿಯುತ್ತಿದ್ದಳು. ಟೀವಿ ಆರಿಸಿ, ದೀಪ ಆರಿಸಿ, ಹಾಸಿಗೆಯ ಮೇಲೆ ಮಲಗಿಸಿ, "ಮಲಗು ನಮ್ಮವ್ವಾ" ಎಂದರು. ಎಲ್ಲ ಅರ್ಧ ನಿಮಿಷದಲ್ಲಿ ಮುಗಿಯಿತು. ಆಮೇಲೆ ಚನ್ನಿ ಅತ್ತದ್ದು ಅರ್ಧ ಗಂಟೆ.

ಜ್ಯೋತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತ ಅಂದಳು. "ಹಿಂಗ ಒಮ್ಮೆಲೇ ಮೇನ್ ಬಂದ್ ಮಾಡಿದ್ರ ಹೆಂಗ ಯಪ್ಪಾ?"

ಮರಿಬಸಪ್ಪ ತಟ್ಟನೆ ಮಗಳ ಮುಖ ನೋಡಿದರು. ಇದೇ ತಪ್ಪಿಗೆ ಅವರು ಗಿರಣಿಯಲ್ಲಿ ಎಷ್ಟು ಜನರನ್ನು ಬೈದಿದ್ದರೋ!

ಗಿರಣಿ ನಿಲ್ಲಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ಮೇಲಿನಿಂದ ಭತ್ತ ಬೀಳುವುದನ್ನು ನಿಲ್ಲಿಸಬೇಕು. ಒಳಗಿರುವುದೆಲ್ಲ ಹೊರಬರುವವರೆಗೆ ಯಂತ್ರಗಳು ಖಾಲಿ ತಿರುಗಬೇಕು. ಅನಂತರ ನಿಲ್ಲಬೇಕಾದದ್ದು ಪಾಲಿಶ್ ಯಂತ್ರ, ಅದಾದಮೇಲೆ ಕಾಳನ್ನು ಮೇಲೆತ್ತುವ ಎಲಿವೇಟರ್, ಕಟ್ಟಕಡೆಗೆ ಹೊಟ್ಟು ಧೂಳು ಎಳೆಯುವ ಬ್ಲೋವರ್. ಅವಸರ ಮಾಡಿ ಮೇನ್ ಸ್ವಿಚ್ಚಿಗೇ ಕೈ ಹಾಕಿದರೆ ಕಾಳು ಎಲ್ಲಿದ್ದಲ್ಲೇ ಸಿಕ್ಕಿಕೊಳ್ಳುತ್ತದೆ. ಮರುದಿನ ಬೆಳಿಗ್ಗೆ ಅದನ್ನು ಕೈಯಿಂದ ಬಗೆದು ತೆಗೆಯಬೇಕು.

"ಜ್ಯೋತೀ, ನಾಳಿಂದ ಈ ಮನಿ ಬಂದ್ ಮಾಡಾದು ನನ್ನ ಕೆಲಸ" ಎಂದರು.

ಮರುದಿನ ಆರೂವರೆಗೇ ಟೀವಿ ನಿಂತಿತು, ಫೋನು ಕಪಾಟಿನ ಮೇಲೇರಿತು. ಹೊಸದೇನೂ ಮಗುವಿನೊಳಗೆ ಬೀಳಬಾರದು ಎಂಬುದು ಮೊದಲ ಹೆಜ್ಜೆ. ಒಳಗಿದ್ದ ಕುಣಿತ ಖಾಲಿಯಾಗಲೆಂದು ಗೋಡೆಯಿಂದ ಗೋಡೆಗೆ ಓಡಲು ಬಿಟ್ಟರು. ಬಳಿಕ ಉಗುರುಬೆಚ್ಚನೆಯ ನೀರಿನ ಸ್ನಾನ, ಹಾಲನ್ನ. ಅಡುಗೆಮನೆಯಲ್ಲಿ ಜ್ಯೋತಿ ಚಟ್ನಿಗೆ ಮಿಕ್ಸಿ ಹಾಕಿದಾಗ ಮರಿಬಸಪ್ಪ ಕೂಗಲು ಬಾಯಿ ತೆರೆದವರು ತಡೆದು, ಮುಷ್ಟಿ ಕಟ್ಟಿ ಕೈ ಮೇಲೆತ್ತಿದರು.

ಗಿರಣಿಯಲ್ಲಿ ಮಾತು ಕೇಳುವುದಿಲ್ಲ. ಅಲ್ಲಿ ಎಲ್ಲವೂ ಕೈಸನ್ನೆ. ಮುಷ್ಟಿ ಎತ್ತಿದರೆ ನಿಲ್ಲಿಸು. ಅಂಗೈಯನ್ನು ಕೆಳಮುಖ ಮಾಡಿ ಇಳಿಸಿದರೆ ನಿಧಾನ. ಮಿಕ್ಸಿ ನಿಂತದ್ದನ್ನು ಕಂಡು ಚನ್ನಿ ಬೆರಗಾದಳು. ತಾನೂ ಮುಷ್ಟಿ ಎತ್ತಿದಳು. ತಾತ ಟ್ಯೂಬ್ ಲೈಟ್ ಆರಿಸಿ ಸಣ್ಣ ದೀಪ ಹಾಕಿದರು. ಆಕೆ ಇನ್ನೊಮ್ಮೆ ಎತ್ತಿ ನಕ್ಕಳು. ತಾತ ಅಂಗೈ ಇಳಿಸಿದರು, ಆಕೆಯೂ ಇಳಿಸಿ ತಲೆದಿಂಬಿನ ಮೇಲೆ ಒರಗಿದಳು. ದೊಡ್ಡ ದನಿಯ ಮರಿಬಸಪ್ಪ ಅಂದು ಒಂದು ಗಂಟೆ ತುಟಿ ಬಿಚ್ಚಲಿಲ್ಲ. ಬೆನ್ನ ಮೇಲೆ ಎಲಿವೇಟರ್ ಬೆಲ್ಟಿನ ಲಯಕ್ಕೆ ಸರಿಯಾಗಿ ತಟ್ಟುತ್ತ ಹೋದರು. ಬಳಿ ಬಂದು ಕುಳಿತ ಅಮ್ಮನ ಸೆರಗು ಹಿಡಿದೇ ಚನ್ನಿ ನಿದ್ದೆಹೋದಳು; ಜ್ಯೋತಿ ಸೆರಗು ಬಿಡಿಸಿಕೊಂಡು ಬಾಗಿಲಿಗೆ ಹೋದಳು.

ಆಗ ಅವರು ಸದ್ದಿಲ್ಲದೆ ಎದ್ದು, ಕೆಲಸವನ್ನು ಪೂರ್ತಿ ಮುಗಿಸಿದ ನೆಮ್ಮದಿಯಲ್ಲಿ ಫ್ಯಾನ್ ಆರಿಸಿದರು.

ಚನ್ನಿ ಬೆವತು ಚೀರಿ ಎದ್ದಳು. ಜ್ಯೋತಿ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದು ಬ್ಲೋವರ್ ಅಲ್ಲ ಯಪ್ಪಾ, ಫ್ಯಾನು! ಬಳ್ಳಾರ್ಯಾಗ ಫ್ಯಾನ್ ಆರಿಸಿದ್ರ ನೀನರ ಮಲಗ್ತೀಯೇನು?"

"ಕೈ ತಾನ ಹೋತಲೇ" ಎಂದರು ಮರಿಬಸಪ್ಪ, ತಮ್ಮ ಬಲಗೈಯನ್ನೇ ಬೈಯುವಂತೆ ನೋಡುತ್ತ. ಮರುದಿನವೂ ಕೈ ತಾನಾಗಿಯೇ ಹೋಯಿತು. ಶನಿವಾರ ಜ್ಯೋತಿ ಫ್ಯಾನಿನ ಸ್ವಿಚ್ಚಿನ ಮೇಲೆ ಗಾಯಕ್ಕೆ ಹಾಕುವ ಪ್ಲಾಸ್ಟರ್ ಅಂಟಿಸಿದಳು. ಸೆಕೆಗೋ ಏನೋ ಅದು ಬಿದ್ದುಹೋಯಿತು.

ಐತವಾರ ಬಂತು. ಜ್ಯೋತಿ ಬಿಳಿ ಕೋಟು ಹಾಕಿಕೊಂಡು, ನಿಜಕ್ಕೂ ಡ್ಯೂಟಿಗೆ ಹೊರಟವಳಂತೆ ಮಗಳ ಕೆನ್ನೆಗೆ ಮುತ್ತಿಟ್ಟು, ಕೆಳಗೆ ತಿರುಮಲಮ್ಮನ ಮನೆಯಲ್ಲಿ ಹೋಗಿ ಕುಳಿತಳು. ಮೇಲೆ ತಾತ ಮತ್ತು ಮೊಮ್ಮಗಳು ಇಬ್ಬರೇ. ಓಟ, ಸ್ನಾನ, ಹಾಲನ್ನ, ಸಣ್ಣ ದೀಪ, ಎಲ್ಲ ಸಾಲಾಗಿ ನಡೆಯಿತು. ಹಾಸಿಗೆಗೆ ಬಂದಮೇಲೆ ಚನ್ನಿ ಸೆರಗಿಗಾಗಿ ಕೈ ಚಾಚಿದಳು. ಸಿಗಲಿಲ್ಲ.

"ಅಮ್ಮ?" ಎಂದಳು. ಕೆಳತುಟಿ ನಡುಗತೊಡಗಿತ್ತು.

ಈ ಪ್ರಶ್ನೆ ಬರುತ್ತದೆಂದು ಮರಿಬಸಪ್ಪನವರಿಗೆ ಗೊತ್ತಿತ್ತು. ಬಾಯಿ ತೆರೆದರೆ ಗುಡುಗು. ಮಗಳು ಕೆಳಗೆ ಕೋಟಿನ ಗುಂಡಿ ತಿರುವುತ್ತ ಕುಳಿತಿರುತ್ತಾಳೆ. ಏನು ಮಾಡುವುದು? ಕೈಗೆ ಮಾತ್ರ ಒಂದು ಹಳೆಯ ಸನ್ನೆ ನೆನಪಾಯಿತು. ಪಾಳಿ ಬದಲಾಗುವಾಗ ಹೋಗುವವನನ್ನು ಬೆರಳಿನಿಂದ ತೋರಿಸಿ, ಬಂದವನು ತನ್ನ ಎದೆ ತಟ್ಟಿಕೊಳ್ಳುತ್ತಿದ್ದ. ಅವನು ಹೊರಟ, ಇನ್ನು ನಾನಿದ್ದೇನೆ ಎಂದು ಅರ್ಥ.

ಅವರು ಬಾಗಿಲತ್ತ ಬೆರಳು ತೋರಿಸಿ, ತಮ್ಮ ಎದೆ ತಟ್ಟಿಕೊಂಡರು.

ಚನ್ನಿ ಬಾಗಿಲು ನೋಡಿದಳು. ತಾತನನ್ನು ನೋಡಿದಳು. ಪುಟ್ಟ ಬೆರಳು ಬಾಗಿಲತ್ತ ಹೋಗಿ, ತಿರುಗಿ ಬಂದು, ಅಂಗೈ ತಾತನ ಎದೆಯ ಮೇಲೆ ಬಿತ್ತು. ಆಮೇಲೆ ಸೆರಗಿನ ಬದಲು ತಾತನ ಹೆಗಲ ಟವೆಲ್ಲಿನ ತುದಿಯನ್ನು ಹಿಡಿದುಕೊಂಡು ಮಲಗಿದಳು. ಅವರು ತಟ್ಟುತ್ತ ಕುಳಿತರು. ರೆಪ್ಪೆಗಳು ಇಳಿದವು, ಎದ್ದವು, ಇಳಿದವು.

ಮರಿಬಸಪ್ಪ ಟವೆಲ್ಲನ್ನು ಆಕೆಗೇ ಬಿಟ್ಟು ಮೆಲ್ಲಗೆ ಎದ್ದರು. ಬಲಗೈ ತಾನಾಗಿ ಗೋಡೆಯತ್ತ ಹೋಯಿತು. ಬೆರಳು ಸ್ವಿಚ್ಚಿಗೆ ಇನ್ನೇನು ತಾಗಬೇಕು, ಹಿಂದೆ ಏನೋ ಅಲುಗಿತು. ತಿರುಗಿ ನೋಡಿದರೆ ಚನ್ನಿ, ಅರೆಗಣ್ಣಿನಲ್ಲೇ, ಮುಷ್ಟಿ ಕಟ್ಟಿ ಕೈ ಎತ್ತಿ ಹಿಡಿದಿದ್ದಳು.

ಮರಿಬಸಪ್ಪ ಕೈ ಹಿಂದೆಗೆದು, ಮೇಸ್ತ್ರಿಯ ಆಜ್ಞೆಗೆ ತಲೆಬಾಗುವಂತೆ ತಲೆ ಬಾಗಿಸಿದರು. ಪುಟ್ಟ ಮುಷ್ಟಿ ನಿಧಾನವಾಗಿ ಸಡಿಲಿ ಹಾಸಿಗೆಗೆ ಇಳಿಯಿತು. ಫ್ಯಾನು ತಿರುಗುತ್ತಲೇ ಇತ್ತು.

ಅವರು ಮೆಟ್ಟಿಲಿಳಿದು ಬಂದಾಗ ಜ್ಯೋತಿ ಎದ್ದು ನಿಂತಿದ್ದಳು. ಮರಿಬಸಪ್ಪ ಅಂಗೈಯನ್ನು ಕೆಳಮುಖ ಮಾಡಿ ಮೆಲ್ಲಗೆ ಇಳಿಸಿದರು. ಅವಳು ಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

ಸೋಮವಾರ ಬೆಳಿಗ್ಗೆ ಜ್ಯೋತಿ ನರ್ಸಿಂಗ್ ಹೋಮಿಗೆ ಹೂಂ ಎಂದಳು. ಕುರುಗೋಡಿಗೆ ಫೋನ್ ಹೋಯಿತು. "ಮುದುಕಪ್ಪ ಬಾಯಿ ಹೆಂಗ ಮುಚ್ಚಿದಾ?" ಎಂದು ಗಿಡ್ಡಮ್ಮ ಎರಡು ಸಲ ಕೇಳಿದಳು. ನೀರು ಹಿಡಿಯುವಾಗ ತಿರುಮಲಮ್ಮ, ಉತ್ತರ ಗೊತ್ತಿದ್ದೂ, ನಗು ತಡೆದುಕೊಂಡು ಅದೇ ಹಳೆಯ ಪ್ರಶ್ನೆ ಹಾಕಿದರು.

"ಹಂಗಾರ ಈಗ ಹೇಳ್ರಿ ಮರಿಬಸಪ್ಪನವರೆ, ಒಟ್ಟು ಎಷ್ಟು ಮಕ್ಕಳನ್ನ ಮಲಗಿಸೀರಿ?"

ಮರಿಬಸಪ್ಪ ಕೊಡ ಕೆಳಗಿಟ್ಟರು. ಚನ್ನಿ ಎದ್ದಿದ್ದಾಳೆಯೇ ಎಂದು ಮಹಡಿಯತ್ತ ನೋಡಿದರು. ಕಿಟಕಿಯಲ್ಲಿ ಟವೆಲ್ ಹೊದ್ದ ಪುಟ್ಟ ತಲೆ ಕಂಡಿತು. ಇನ್ನು ಅಡ್ಡಿಯಿರಲಿಲ್ಲ. ಮೂಲೆಯ ಅಂಗಡಿಯವನಿಗೂ ಎದುರುಮನೆಯ ನಾಯಿಗೂ ಕೇಳುವಂತೆ ಹೇಳಿದರು:

"ಒಂದು!"