ಸೋಮವಾರದ ನೊಗ

ನಮ್ಮ ಪಡಸಾಲೆಯ ಗೋಡೆಯ ಮೇಲೆ ಒಂದು ಹಳೆಯ ನೊಗವಿದೆ. ನನ್ನ ಕೊಡೆ, ಕೈಚೀಲ, ಮಡಚಲು ಬೇಸರವಾದ ಸೀರೆ ಎಲ್ಲವೂ ಅದಕ್ಕೇ ತೂಗಬೇಕು. ಬಂದವರು, ಎಂಥ ಎತ್ತುಗಳಿದ್ದವು ನಿಮ್ಮಲ್ಲಿ ಎಂದು ಕೇಳುತ್ತಾರೆ. ಎತ್ತುಗಳ ಕತೆ ಹಾಗಿರಲಿ ಗೆಳೆಯರೇ, ಮೊದಲು ವಾರದ ಕತೆ ಕೇಳಿ.

ಹಳಿಯಾಳದ ಹತ್ತಿರದ ನಮ್ಮ ಹಳ್ಳಿಯಲ್ಲಿ ಸೋಮವಾರ ಬಸವಣ್ಣನ ದಿನ. ಅಂದು ಎತ್ತಿನ ಹೆಗಲಿಗೆ ನೊಗವಿಡುವುದೆಂದರೆ ಶಿವನಿಗೇ ಎರಡು ಬಗೆದಂತೆ. ಅಪ್ಪ ದಾಂಡೇಲಿಯ ಕಾಗದದ ಕಾರ್ಖಾನೆ ಸೇರಿದ ಮೇಲೆ ಮನೆಗೆ ರವಿವಾರದ ರಜೆಯೂ ಬಂತು. "ಇಂಗ್ರೇಜರು ಹೋಗಿ ಇಷ್ಟ ವರ್ಷ ಆತು, ಅವರ ಸೂಟಿ ಯಾಕ ಇನ್ನೂ ಹೋಗವಲ್ದು?" ಎಂದು ಅಜ್ಜ ಗೊಣಗುವನು. "ಕಾಲ ಬದಲಾಗೇತಿ, ಯಪ್ಪಾ" ಎಂದು ಅಪ್ಪ. ಇಬ್ಬರದೂ ಎಣ್ಣೆ-ಸೀಗೆಕಾಯಿ ಸಂಬಂಧ.

ನಾನು ಏಳನೆಯ ಇಯತ್ತೆ ಮುಗಿಸಿದಾಗ ಆ ಜಗಳ ನನ್ನ ತಲೆಯ ಮೇಲೆಯೇ ಬಂತು. ಹಳಿಯಾಳದ ಹೈಸ್ಕೂಲಿನ ಪ್ರವೇಶ ಪರೀಕ್ಷೆ ಬಿದ್ದದ್ದು ಸೋಮವಾರ. ಅದು ತಪ್ಪಿದರೆ ಸೋದರಮಾವನೊಂದಿಗೆ ಮದುವೆ ಖಚಿತ. ಸಾಲದ್ದಕ್ಕೆ ಹಿಂದಿನ ದಿನ ಜಾಲಿಮುಳ್ಳು ನೆಟ್ಟು ನನ್ನ ಪಾದ ಬಾತಿತ್ತು. ಒಂದು ಹೆಜ್ಜೆಯೂ ನಡೆಯುವಂತಿರಲಿಲ್ಲ.

ಅಂದು ಕಾರ್ಖಾನೆಗೆ ರಜೆ ಹಾಕಿದ್ದ ಅಪ್ಪ ಚಕ್ಕಡಿ ಹೂಡಲು ಹೊರಟ. ಅಜ್ಜ ಎತ್ತುಗಳಿಗೆ ಅಡ್ಡ ನಿಂತ. "ಸಾಲಿ ತಪ್ಪಿದ್ರ ತಪ್ಪಲಿ. ಬಸವಣ್ಣನ ಹೆಗಲ ಮುಟ್ಟಬ್ಯಾಡ!" ನಾನು ಅಳತೊಡಗಿದೆ, ಎತ್ತುಗಳು ನಿಶ್ಚಿಂತೆಯಿಂದ ಮೆಲುಕು ಹಾಕಿದವು.

ಸಿಟ್ಟಿಗೆದ್ದ ಅಪ್ಪ ನನ್ನನ್ನು ಚಕ್ಕಡಿಯಲ್ಲಿ ಕೂರಿಸಿ, ನೊಗದ ಒಂದು ತುದಿಗೆ ತನ್ನ ಹೆಗಲನ್ನೇ ಕೊಟ್ಟ. ಒಂಟಿ ಹೆಗಲಿಗೆ ಬಂಡಿ ನೆಟ್ಟಗೆ ಹೋದೀತೆ? ಅಂಗಳದಲ್ಲೇ ಹೊರಳಿ ತಿಪ್ಪೆಯ ಕಡೆಗೆ ಮುಖ ಮಾಡಿತು. ಧರ್ಮ ಬಿಟ್ಟ ಮಗನನ್ನು ಅಜ್ಜ ಹೇಗೋ ಸಹಿಸುತ್ತಿದ್ದನೇನೋ. ಬಂಡಿ ನಡೆಸಲು ಬಾರದ ಮಗನನ್ನು ಮಾತ್ರ ಸಹಿಸಲಾರದೆ ಹೋದ.

"ನೊಗಕ್ಕ ಜೋಡಿ ಬೇಕಲೇ, ಹುಚ್ಚಪ್ಯಾಲಿ!" ಎನ್ನುತ್ತ ರುಮಾಲು ಬಿಗಿದು ಇನ್ನೊಂದು ತುದಿಗೆ ಹೆಗಲಿಟ್ಟ.

ಎರಡು ಮೈಲಿಯುದ್ದಕ್ಕೂ ಒಬ್ಬ ಎಡಕ್ಕೆಳೆದರೆ ಇನ್ನೊಬ್ಬ ಬಲಕ್ಕೆ. ಜಗಳವೂ ನಿಲ್ಲಲಿಲ್ಲ, ಗಾಲಿಯೂ ನಿಲ್ಲಲಿಲ್ಲ. ನಾಚಿಕೆಯಿಂದ ನಾನು ಬರೆಯುವ ಪಾಟಿಯಿಂದ ಮುಖ ಮುಚ್ಚಿಕೊಂಡಿದ್ದೆ. ಎದುರಾದ ಬಳೆಗಾರ ಕಣ್ಣರಳಿಸಿ, "ಎತ್ತಿಗೆ ಏನಾತ್ರಿ, ಗೌಡ್ರ?" ಎಂದ.

"ಅವಕ್ಕ ಇವತ್ತ ಸೂಟಿ ಐತಿ" ಎಂದ ಅಜ್ಜ, ಏದುಸಿರಿನಲ್ಲಿ.

ನಾನು ಪಾಸಾದೆ, ಮುಂದೆ ಶಾಲೆಯ ಶಿಕ್ಷಕಿಯೂ ಆಗಿ ಊರ ಮಕ್ಕಳಿಗೆ ಮಗ್ಗಿ ಕಲಿಸಿದೆ. ಹೆಣ್ಣುಮಗಳ ಓದು ಸರಿಯೆಂದು ಅಜ್ಜ ಸಾಯುವವರೆಗೂ ಒಪ್ಪಲಿಲ್ಲ. ಆದರೆ ಹೆಗಲ ಮೇಲಿನ ಬಾವನ್ನು ಮಾತ್ರ ಊರಿಗೆಲ್ಲ ತೋರಿಸಿ ಬಂದ. ಹಳತು ಹೊಸತುಗಳ ಬಗ್ಗೆ ದೊಡ್ಡವರ ಭಾಷಣ ಕೇಳುವಾಗಲೆಲ್ಲ ನನಗೆ ಆ ಎರಡು ಬೆವೆತ ಬೆನ್ನುಗಳು ಕಾಣುತ್ತವೆ, ಕಣ್ಣು ತುಂಬುತ್ತದೆ, ನಗುವೂ ಬರುತ್ತದೆ.

ಕೊಡೆ, ಕೈಚೀಲ, ಸೀರೆ, ಎಲ್ಲವನ್ನೂ ಈ ನೊಗಕ್ಕೆ ತೂಗುಹಾಕುತ್ತೇನೆಂದೆನಲ್ಲ, ಅದು ಆರು ದಿನದ ಮಾತು. ಸೋಮವಾರ ಮಾತ್ರ ಅದರ ಮೇಲೆ ಏನನ್ನೂ ಹೇರುವುದಿಲ್ಲ.