ಪಂಚಮಿಗೆ ಫೈಲ್ ಹಿಡಿದು ಹೋದೆ

ನಾನು ಬಬಲೇಶ್ವರದವನು. ತಿಕೋಟಾದಲ್ಲಿ ಕಟ್ಟುತ್ತಿದ್ದ ನೀರಿನ ಟ್ಯಾಂಕಿನ ಸೆಂಟ್ರಿಂಗ್ ಕೆಲಸವನ್ನು ದೊಡ್ಡ ಗುತ್ತಿಗೆದಾರರಿಂದ ತುಂಡು ಗುತ್ತಿಗೆ ಹಿಡಿದಿದ್ದೆ. ಕಾಂಕ್ರೀಟ್ ಸುರಿಯಲು ಹಲಗೆ ಹೊಡೆಯುವುದು ನನಗೆ ಕಷ್ಟವಲ್ಲ, ಕಾಗದ ಕಷ್ಟ. ಆಳುಗಳ ಹಾಜರಿ, ವಿಮೆ, ಪಿಎಫ್ ಚಲನ್ ಎಲ್ಲ ಪ್ರತಿ ತಿಂಗಳು ಕೊಡಬೇಕು. ಕೊಡದಿದ್ದರೆ ಸೈಟಿನ ಗೇಟಿನೊಳಗೆ ಬಿಡುವುದಿಲ್ಲ. ಐದನೇ ತರಗತಿಗೆ ಶಾಲೆ ಬಿಟ್ಟವನು ನಾನು. ವಿಜಯಪುರದ ಜಲನಗರದಲ್ಲಿರುವ ಅಕ್ಕ ನೌಕರಿಯವಳು. ಫೈಲ್ ಹಿಡಿದು ಹೋಗುತ್ತಿದ್ದೆ, ಅವಳು ತುಂಬಿಕೊಡುತ್ತಿದ್ದಳು, ಚಹಾ ಕುಡಿದು ಎದ್ದುಬಿಡುತ್ತಿದ್ದೆ.

ನಮ್ಮ ಕಡೆ ಪಂಚಮಿಗೆ ಒಡಹುಟ್ಟಿದವನು ಹೋಗಿ ಹೆಣ್ಣುಮಗಳನ್ನು ತವರಿಗೆ ಕರೆತರಬೇಕು. ಅವ್ವ ಇರುವವರೆಗೂ ನನ್ನನ್ನು ತಳ್ಳಿ ಕಳಿಸುತ್ತಿದ್ದಳು. ಅವ್ವ ತೀರಿಕೊಂಡ ವರ್ಷ, ಹಬ್ಬದ ಹಿಂದಿನ ದಿನ ಸೈಟಿನಿಂದ ಫೋನ್ ಬಂತು. ವಿಮೆಯ ಪಟ್ಟಿಯಲ್ಲಿ ಇಬ್ಬರ ಹೆಸರು ಬಿಟ್ಟುಹೋಗಿವೆ, ಸಂಜೆಯೊಳಗೆ ಸರಿಮಾಡಿ ಕೊಡಬೇಕು. ಬೈಕ್ ಹತ್ತಿ ಜಲನಗರಕ್ಕೆ ಹೋದೆ.

ಬಾಗಿಲ ಬಳಿಯೇ ಅಕ್ಕನ ಬ್ಯಾಗ್ ಇತ್ತು. ಅವಳು ಹೊಸ ಸೀರೆ ಉಟ್ಟಿದ್ದಳು.

"ಬಂದಿ ಏನೋ ತಮ್ಮಾ! ಬರ್ತಿ ಅಂತ ನನಗ ಗೊತ್ತಿತ್ತು. ನಿಮ್ಮ ಮಾಮಾ ನಂಬಿರಲಿಲ್ಲ ನೋಡು."

ಒಳಗಿನಿಂದ ಅವಳ ಗಂಡ ನಕ್ಕರು. "ಕೈಯಾಗ ಏನೈತಿ ನೋಡು ಮೊದಲ. ಕರಿಯಾಕ ಬಂದಾನೋ, ಬರಸಾಕ ಬಂದಾನೋ!"

ಅಕ್ಕ ಫೈಲ್ ನೋಡಿದಳು. "ಇಬ್ಬರ ಹೆಸರು ಬಿಟ್ಟಾವ ಅಕ್ಕಾ. ಸಂಜೀಕ ಕೊಡಬೇಕು," ಅಂದೆ. ಆಗಲಾದರೂ, ಆಮೇಲೆ ಇಬ್ಬರೂ ಊರಿಗೆ ಹೋಗೋಣ ಎನ್ನಬಹುದಿತ್ತು. ಅನ್ನಲಿಲ್ಲ. ತಿಕೋಟಾದ ದಾರಿ ಬೇರೆ, ಊರಿನ ದಾರಿ ಬೇರೆ. ಅವಳನ್ನು ಕೂಡಿಸಿಕೊಂಡರೆ ಹೊತ್ತಾಗುತ್ತದೆ ಎಂದಷ್ಟೇ ನನ್ನ ತಲೆಯಲ್ಲಿತ್ತು.

ಅವಳು ಕೂತು ಪಟ್ಟಿ ತಿದ್ದಿದಳು, ನನ್ನಿಂದ ಸಹಿ ಹಾಕಿಸಿದಳು. ಬ್ಯಾಗಿನಿಂದ ಶೇಂಗಾ ಉಂಡಿಯ ಡಬ್ಬಿ ತೆಗೆದು ನನಗೆ ಕೊಟ್ಟು, ಬ್ಯಾಗನ್ನು ಒಳಗಿಟ್ಟಳು. "ಹೋಗಪಾ, ತಡಾ ಆಗತೈತಿ."

ಮರುದಿನ ಮನೆಯಲ್ಲಿ ನಾನೊಬ್ಬನೇ. ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ತವರಿಗೆ ಬಂದ ಹೆಣ್ಣುಮಕ್ಕಳ ನಗು ಒಳಗಿನವರೆಗೂ ಕೇಳುತ್ತಿತ್ತು. ಡಬ್ಬಿ ತೆರೆಯಲಾಗಲಿಲ್ಲ.

ಮುಂದಿನ ತಿಂಗಳು, ಫೈಲ್ ತರುತ್ತೇನೆ ಎಂದು ಅಕ್ಕನಿಗೆ ಫೋನ್ ಮಾಡಿದರೆ, "ಅಷ್ಟು ದೂರ ಯಾಕ ಬರ್ತಿಯೋ? ಫೋಟೋ ಹೊಡದು ವಾಟ್ಸಾಪಿಗೆ ಹಾಕು, ತುಂಬಿ ಕಳಸ್ತೀನಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನನ್ನ ಕಾಗದಗಳಲ್ಲಿ ಒಂದು ತಪ್ಪೂ ಇಲ್ಲ. ಸೈಟಿನವರು ಹೊಗಳುತ್ತಾರೆ.

ಈ ಪಂಚಮಿಗೆ ಫೈಲ್ ಮನೆಯಲ್ಲೇ ಬಿಟ್ಟು ಹೊರಟೆ. 'ಕರಿಯಾಕ ಬಂದೇನಿ ಅಕ್ಕಾ' ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಅವಳ ಓಣಿಯ ತಿರುವಿನಲ್ಲಿ ಬೈಕ್ ನಿಲ್ಲಿಸಿದೆ. ಈ ಸಲ ಅವಳು ಬ್ಯಾಗ್ ತುಂಬಿರದಿದ್ದರೆ? ಅದನ್ನು ನೋಡುವ ಧೈರ್ಯವಾಗಲಿಲ್ಲ, ಹಾಗೇ ಹೊರಳಿ ಬಂದೆ. ಮನೆಗೆ ಬಂದು ಮೊಬೈಲ್ ನೋಡಿದರೆ, ಆ ತಿಂಗಳ ಚಲನ್ ಅನ್ನು ಅಕ್ಕ ಆಗಲೇ ತುಂಬಿ ಕಳಿಸಿದ್ದಳು.