ಗುಜರಿಯಿಂದ ತಂದ ವಿಮಾನದ ಮೀಟರು

ಜರಗನಹಳ್ಳಿಯ ಗುಜರಿ ಅಂಗಡಿಯಲ್ಲಿ ಕುಲುಮೆ ಸೇರಲಿದ್ದ ಹಳೆಯ ಯುದ್ಧವಿಮಾನದ ಎತ್ತರ ತೋರಿಸುವ ಮೀಟರನ್ನು ತಂದು ಗೋಡೆಗೆ ಹಾಕಿ, ದೇಶದ ಮಾನ ಉಳಿಸಿದವನಂತೆ ಬೀಗಿದೆ. ಗಾಳಿಯ ಒತ್ತಡ ತಗ್ಗಿದರೆ ಮುಳ್ಳು ಏರುತ್ತದೆ, ಮಳೆಗೆ ಮುನ್ನವೂ ಹಾಗಾಗುತ್ತದೆ ಎಂದು ಬಂದವರಿಗೆಲ್ಲ ಪಾಠ ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಮುಳ್ಳು ನಿಜಕ್ಕೂ ಏರತೊಡಗಿತು. "ಬಾರೇ ನೋಡು, ನಮ್ಮನೆ ಟೇಕಾಫ್ ಆಗ್ತಿದೆ!" ಎಂದು ಹೆಂಡತಿಯನ್ನು ಕೂಗಿ ಕುಣಿದಾಡಿದೆ. ಸ್ವಲ್ಪ ಹೊತ್ತಿಗೇ ಮಳೆ ಸುರಿದು, ತಾರಸಿಯಲ್ಲಿ ನನ್ನ ಹಳೇ ಪಂಚೆಯ ಮೇಲೆ ಅವಳು ಒಣಹಾಕಿದ್ದ ಸಂಡಿಗೆಯೆಲ್ಲ ಗಂಜಿಯಾಯಿತು.

"ಊರಿಗೆಲ್ಲ ಪಾಠ ಹೇಳ್ತೀರ, ಸಂಡಿಗೆ ಎತ್ತೋದು ಹೊಳೀಲಿಲ್ವಾ?" ಎಂದಳು.

ಮೀಟರು ಈಗ ಅಡುಗೆಮನೆಯಲ್ಲಿದೆ. ಮುಳ್ಳು ಏರಿದ್ದು ಕಂಡರೆ ಅವಳು ಕೂಗುತ್ತಾಳೆ. ಸಂಡಿಗೆಯ ಪಂಚೆಯನ್ನು ಎದೆಗವಚಿಕೊಂಡು ನಾನು ತಾರಸಿಯಿಂದ ಲ್ಯಾಂಡ್ ಆಗುತ್ತೇನೆ.